ಲಕ್ಕಿ ಡಿಪ್ ಚೀಟಿಯ ‘ಕ್ಯೂ’ ಮೇಡಂ

ಪ್ರಶ್ನೆ: ಮೇಡಂ, ಮಗಳಿಗೆ ಹದಿನೇಳು. ಈಗಷ್ಟೇ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಫಲಿತಾಂಶ ಬಂದಾಗಿನಿಂದ ಕಾಲೇಜು, ಕೋಚಿಂಗಿನವರ ಫೋನು ನಿಲ್ಲುತ್ತಿಲ್ಲ. ಮಗಳ ಹೆಸರು, ನನ್ನ ಹೆಸರು, ಯಾವ ಕಾಂಬಿನೇಷನ್ ಅನ್ನುವುದೂ ಅವರಿಗೆ ಗೊತ್ತು. ಒಬ್ಬನಂತೂ "ಸಾರ್, ಲೋನೂ ನಾವೇ ಮಾಡಿಸಿಕೊಡ್ತೀವಿ" ಅಂದ. ನಮ್ಮ ಬಗ್ಗೆ ಇವರ ಹತ್ತಿರ ಏನೇನಿದೆ, ಯಾರು ಮಾರಿದ್ದು ಅಂತ ಕೇಳಿ ತಿಳಿಯುವ ದಾರಿ ಇದೆಯಾ?
– ಒಬ್ಬ ತಂದೆ, ಮಂಡ್ಯ

ಉತ್ತರ: ಮೊದಲು ನನ್ನ ಕಥೆ ಕೇಳಿ. ಒಂದು ದಸರಾದಲ್ಲಿ ಮೈಸೂರಿನ ದೇವರಾಜ ಅರಸು ರಸ್ತೆಯ ಸೀರೆ ಅಂಗಡಿಯಲ್ಲಿ ಲಕ್ಕಿ ಡಿಪ್ ಚೀಟಿ ಕೊಟ್ಟರು. ಹೆಸರು, ವಿಳಾಸ, ಮೊಬೈಲ್ ನಂಬರ್ ಬರೆಯಬೇಕು. ನನ್ನ ಇನಿಷಿಯಲ್ ಎಸ್. ಬೇಕಂತಲೇ ‘ಕ್ಯೂ’ ಅಂತ ಬರೆದೆ. ಹದಿನೈದು ದಿನಕ್ಕೆ ಇಲವಾಲದ ಕಡೆ ಸೈಟ್ ಮಾರುವವನ ಫೋನು: "ಕ್ಯೂ ಮೇಡಂ ಅವರಾ?"

ನೇರ ಅಂಗಡಿಗೆ ಹೋದೆ. ಮ್ಯಾನೇಜರ್ ಕಾಫಿ ತರಿಸಿದ. ಚೀಟಿಗಳನ್ನು ಯಾವುದೋ ಏಜೆನ್ಸಿಯವರು ಒಯ್ದರಂತೆ. ಯಾವ ಏಜೆನ್ಸಿ ಅಂದರೆ ಸೀರೆ ಮಡಚತೊಡಗಿದ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಗಿರಾಕಿಗಳಿಗೆ ಉತ್ತರ ಕೊಟ್ಟವಳು ನಾನು, ಅವತ್ತು ಕಾಫಿ ಕುಡಿದು ಎದ್ದು ಬಂದೆ.

ಹಾಗೆ ಮಾತು ತಪ್ಪಿಸಲು ಆಗದಂಥ ಕಾನೂನು ಬಂದಿದೆ, ಆದರೆ ಪೂರ್ತಿ ಜಾರಿಯಾಗಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂತು, ನಿಯಮಗಳು ಬರಲು 2025ರ ನವೆಂಬರ್ ಆಯಿತು. ನಿಮಗೆ ಬೇಕಾದ ಭಾಗಕ್ಕೆ ಅಲ್ಲಿಂದ 18 ತಿಂಗಳ ಗಡುವು, ಅಂದರೆ 2027ರ ಮೇ. ಆಮೇಲೆ, ನೀವು ಒಪ್ಪಿಗೆ ಕೊಟ್ಟು ಮಾಹಿತಿ ಒಪ್ಪಿಸಿದ ಕಂಪನಿಯನ್ನು ‘ನನ್ನದು ಏನೇನಿದೆ, ಯಾರ ಯಾರಿಗೆ ಕೊಟ್ಟಿರಿ’ ಅಂತ ಕೇಳಬಹುದು. ಅದು ಹೆಸರು ಸಮೇತ ಹೇಳಬೇಕು. ಅಳಿಸಿ ಅಂತಲೂ ಕೇಳಬಹುದು. 18 ತುಂಬದವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆಯೂ ಬೇಕು.

ಅಲ್ಲಿಯವರೆಗೆ ಸುಮ್ನೆ ಕೂರಬೇಕಿಲ್ಲ. ಲೋನ್ ಅಂದವನ ಮೇಲೆ ನನಗೆ ಜಾಸ್ತಿ ಅನುಮಾನ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಅಂತ ನಾಲ್ಕು ಕಂಪನಿಗಳು ನಿಮ್ಮ ಸಾಲದ ಚರಿತ್ರೆ ಇಟ್ಟಿರುತ್ತವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಬಿಟ್ಟಿ ಕೊಡಬೇಕು. ಅವರವರ ವೆಬ್‌ಸೈಟಿನಲ್ಲೇ ಕೇಳಿ, ಮಧ್ಯದ ಆ್ಯಪ್ ಬೇಡ. ಆ ಆ್ಯಪಿಗೆ ಮತ್ತೆ ನಿಮ್ಮ ನಂಬರ್ ಕೊಟ್ಟ ಹಾಗಾಗುತ್ತದೆ, ಅಲ್ವಾ? ಸ್ಕೋರ್ ಎಷ್ಟು ಅಂತ ನೋಡಿ ಮುಚ್ಚಿಡಬೇಡಿ. ಕೊನೆಯಲ್ಲಿ ‘ಎನ್‌ಕ್ವೈರಿ’ ಅಂತ ಪಟ್ಟಿ ಇರುತ್ತದೆ, ನಿಮ್ಮ ಹೆಸರಲ್ಲಿ ಯಾವ ಬ್ಯಾಂಕು, ಯಾವ ಫೈನಾನ್ಸ್, ಯಾವ ದಿನ ವಿಚಾರಿಸಿತು ಅಂತ. ನೀವು ಅರ್ಜಿಯೇ ಹಾಕದ ಕಡೆಯ ಹೆಸರಿದ್ದರೆ ಅಲ್ಲೇ ತಕರಾರು ಹಾಕಿ. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ.

ಮಾರಾಟದ ಫೋನುಗಳನ್ನು ತಡೆಯಲು 1909 ಅನ್ನುವ ನಂಬರಿದೆ. ‘ಸ್ಟಾರ್ಟ್ 0’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಆ ನಂಬರಿಗೆ ಎಸ್‌ಎಂಎಸ್ ಮಾಡಿ. ಆಮೇಲೂ ಬಂದರೆ ಏಳು ದಿನದೊಳಗೆ ಅಲ್ಲೇ ದೂರು ಕೊಡಿ. ಬೈದು ಫೋನಿಡಬೇಡಿ, ಸಂಸ್ಥೆಯ ಹೆಸರು, ದಿನ, ಸಮಯ ಬರೆದಿಟ್ಟುಕೊಳ್ಳಿ.

ಇನ್ನು ಮೂಲ ಹುಡುಕುವ ಕೆಲಸ. ಮಗಳನ್ನು ಗದರದೆ ಕೇಳಿ, ಯಾವ ಮಾಕ್ ಟೆಸ್ಟ್ ಆ್ಯಪಿಗೆ, ಯಾವ ಶಿಕ್ಷಣ ಮೇಳದ ಸ್ಟಾಲಿನಲ್ಲಿ ನಿಮ್ಮ ನಂಬರ್ ಬರೆದಳು ಅಂತ. ಆ್ಯಪ್ ಆದರೆ ಅದರ ವೆಬ್‌ಸೈಟಿನಲ್ಲಿ ದೂರು ಅಧಿಕಾರಿಯ ಹೆಸರು, ಇಮೇಲ್ ಇರಬೇಕು. 2011ರ ಐಟಿ ನಿಯಮದಲ್ಲೇ ಅದು ಕಡ್ಡಾಯ, ಒಂದು ತಿಂಗಳಲ್ಲಿ ದೂರು ಬಗೆಹರಿಸಬೇಕು. ಕೊಟ್ಟ ಮಾಹಿತಿ ತೋರಿಸಿ, ಅಳಿಸಿ ಅಂತ ನಾಲ್ಕು ಸಾಲು ಬರೆಯಿರಿ.

ಮುಂದಿನ ಸಲ ಮೇಳಕ್ಕೆ ಹೋದಾಗ ಒಂದೊಂದು ಸ್ಟಾಲಿನಲ್ಲಿ ಒಂದೊಂದು ಇನಿಷಿಯಲ್ ಬರೆಯಲು ಹೇಳಿ. ಬ್ಯಾಂಕು, ಸರ್ಕಾರಿ ಅರ್ಜಿ, ಸಿಇಟಿ ಫಾರಂನಲ್ಲಿ ಮಾತ್ರ ಈ ಆಟ ಬೇಡ.