ಐವರ್‌ಮೆಕ್ಟಿನ್ (ಪರಾವಲಂಬಿ ಹುಳುಗಳಿಗೆ ಕೊಡುವ ಮಾತ್ರೆ) ತೆಗೆದುಕೊಂಡ ಗೋವಾದವರು ಕೋವಿಡ್‌ನಿಂದ ವಾಸಿಯಾದರಲ್ಲ, ಮತ್ತೆ ಅದು ಕೆಲಸ ಮಾಡುವುದಿಲ್ಲ ಅನ್ನುವುದು ಯಾಕೆ?

ವಾಸಿಯಾದದ್ದು ನಿಜ. ಮಾತ್ರೆಯಿಂದಲೇ ಆಯಿತು ಅನ್ನಲು ಆಧಾರವಿಲ್ಲ, ಅಷ್ಟೆ. ಕೋವಿಡ್ ಬಂದವರಲ್ಲಿ ಹೆಚ್ಚಿನವರು ಯಾವ ಮಾತ್ರೆಯೂ ಇಲ್ಲದೆ ಚೇತರಿಸಿಕೊಳ್ಳುತ್ತಾರೆ. ವಾಸ್ಕೋದ ನಮ್ಮ ಬೈನಾದಲ್ಲಿ ಹತ್ತು ಜನ ನುಂಗಿ ಗುಣವಾದರು ಅಂದರೆ, ನುಂಗದ ಹತ್ತು ಜನ ಏನಾದರು ಅಂತಲೂ ನೋಡಬೇಕು, ಅಲ್ವಾ? ಅವರ ಕಥೆ ಯಾರೂ ಹೇಳುವುದಿಲ್ಲ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧ, ಇನ್ನೊಂದಕ್ಕೆ ಹಾಗೇ ಕಾಣುವ ಸುಳ್ಳು ಮಾತ್ರೆ ಕೊಟ್ಟ ದೊಡ್ಡ ಪ್ರಯೋಗಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಈ ಮಾತ್ರೆಯ ಮೇಲೆ ಆಸೆ ಹುಟ್ಟಿದ್ದು 2020ರ ಒಂದು ಲ್ಯಾಬ್ ಪರೀಕ್ಷೆಯಿಂದ; ಅದರಲ್ಲಿ ಲ್ಯಾಬ್‌ನಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಔಷಧ ವೈರಸ್ಸನ್ನು ತಗ್ಗಿಸಿತ್ತು. ಅಲ್ಲಿ ಬಳಸಿದ ಪ್ರಮಾಣ, ಮಾಮೂಲಿ ಡೋಸಿನಿಂದ ರಕ್ತಕ್ಕೆ ಸೇರುವುದಕ್ಕಿಂತ ತುಂಬಾ ಜಾಸ್ತಿ. 2021ರ ಮೇ ತಿಂಗಳಲ್ಲಿ ಗೋವಾ ಸರ್ಕಾರವೇ 18 ದಾಟಿದ ಎಲ್ಲರಿಗೂ ಕೊಡುತ್ತೇವೆ ಅಂದಾಗ ಜನ ನಂಬದೆ ಇರುತ್ತಾರೆಯೇ? ವಿಶ್ವ ಆರೋಗ್ಯ ಸಂಸ್ಥೆ ಮಾತ್ರ ಆ ಮಾರ್ಚ್‌ನಲ್ಲೇ, ಪ್ರಯೋಗದ ಹೊರಗೆ ಬೇಡ ಎಂದಿತ್ತು.