ವರ್ಲ್ಡ್ ಕಪ್‌ಗೆ ನಾವ್ ಯಾವಾಗ ಸಾರ್ ಹೋಗೋದು?

ಪ್ರಶ್ನೆ: ಫುಟ್‌ಬಾಲ್ ವರ್ಲ್ಡ್ ಕಪ್ಪನ್ನ 32 ಟೀಮಿಂದ 48ಕ್ಕೆ ಏರಿಸಿದ್ರು, ಏಷ್ಯಾಗೆ ನೇರವಾಗಿ 8 ಸೀಟ್ ಕೊಟ್ರು, ಆದ್ರೂ ಇಂಡಿಯಾ ಹತ್ರಕ್ಕೂ ಸುಳೀಲಿಲ್ಲ. ನನಗೀಗ 46, ನಾನಿರೋವಾಗ ನೋಡ್ತೀನಾ? (ಹಾಸನದ ಒಬ್ಬ ಓದುಗರು)

ಉತ್ತರ: ಬೆಳಿಗ್ಗೆ ವಾಕಿಂಗ್ ಬಿಡ್ಬೇಡಿ, ನೋಡಿದ್ರೂ ನೋಡ್ಬಹುದು. ಆದ್ರೆ ಲೆಕ್ಕ ಒಂಚೂರು ಸರಿಯಾಗಿ ಹಾಕೋಣ. 2026ರ ಅರ್ಹತಾ ಪಂದ್ಯಗಳಲ್ಲಿ ಏಷ್ಯಾದ ಎರಡನೇ ಸುತ್ತಲ್ಲಿ 36 ಟೀಮು, ನಾಲ್ಕು ನಾಲ್ಕರಂತೆ 9 ಗುಂಪು, ಪ್ರತಿ ಗುಂಪಲ್ಲೂ ಮೊದಲ ಇಬ್ಬರು ಮೂರನೇ ಸುತ್ತಿಗೆ. ನಮ್ ಜೊತೆ ಇದ್ದಿದ್ದು ಕತಾರ್, ಕುವೈತ್, ಅಫ್ಘಾನಿಸ್ತಾನ. ಕತಾರನ್ನ ಬಿಡಿ, ಎರಡನೇ ಜಾಗ ನಮ್ಮ ಕೈಯಲ್ಲೇ ಇತ್ತು ಕಣ್ರೀ, 2023ರ ನವೆಂಬರಲ್ಲಿ ಕುವೈತಿಗೇ ಹೋಗಿ ಮನ್ವೀರ್ ಸಿಂಗ್ ಗೋಲಿಂದ 1-0 ಗೆದ್ದು ಬಂದಿದ್ವಿ. ಆಮೇಲೆ 2024ರ ಮಾರ್ಚಲ್ಲಿ ಅಫ್ಘಾನಿಸ್ತಾನದ ಜೊತೆ ಮೊದ್ಲು 0-0, ಅದಾದ ಮೇಲೆ ಗುವಾಹಟಿಯಲ್ಲಿ ನಮ್ಮ ಕ್ಯಾಪ್ಟನ್ ಸುನಿಲ್ ಛೇತ್ರಿಯ 150ನೇ ಮ್ಯಾಚು, ಅವರೇ ಪೆನಾಲ್ಟಿ ಹೊಡೆದು ಮುನ್ನಡೆ ಕೊಟ್ರು, ಸೆಕೆಂಡ್ ಹಾಫಲ್ಲಿ ಎರಡು ಗೋಲ್ ಬಿಟ್ಕೊಟ್ಟು 1-2 ಸೋತ್ವಿ. ಕೊನೆಗೆ ಕುವೈತ್ 7 ಪಾಯಿಂಟಿಗೆ ಮುಂದಕ್ಕೆ ಹೋಯ್ತು, ನಾವು 5ಕ್ಕೆ ನಿಂತ್ವಿ. ಗುವಾಹಟಿಯಲ್ಲಿ ಗೆದ್ದಿದ್ರೆ ಇನ್ನೂ 3 ಸೇರಿ 8. ಅಷ್ಟೇ ಅಂತರ. ಅದಕ್ಕೇ ನಾನು ಹೇಳೋದು, ಈಗ ವರ್ಲ್ಡ್ ಕಪ್ ಕನಸು ಬೇಡ, ಮೂರನೇ ಸುತ್ತು ಅಂತ ಗೋಡೆ ಮೇಲೆ ಬರ್ಕೊಂಡ್ರೆ ಸಾಕು.

ಪ್ರಶ್ನೆ: ದೋಹಾದಲ್ಲಿ ಆಗಿದ್ದು ಮೋಸ ಅಲ್ವಾ? ಅದನ್ಯಾಕೆ ಬರೆಯಲ್ಲ ನೀವು? (ದಾವಣಗೆರೆಯ ಕಾಲೇಜ್ ಹುಡುಗ)

ಉತ್ತರ: ಬರೀತೀನಿ ಇರಪ್ಪ. 2024ರ ಜೂನ್ 11, ಅದೇ ಸುತ್ತಿನ ಕೊನೇ ಮ್ಯಾಚು, ದೋಹಾದಲ್ಲಿ ಕತಾರ್ ಜೊತೆ, ಛಾಂಗ್ಟೆ ಗೋಲಿಂದ ನಾವು 1-0 ಮುಂದಿದ್ವಿ. 73ನೇ ನಿಮಿಷ, ಕತಾರಿನ ಯೂಸುಫ್ ಐಮನ್ ಹೆಡ್ ಮಾಡಿದ ಬಾಲನ್ನ ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ತಡೆದ್ರು, ಅದು ಪೋಸ್ಟಿನ ಪಕ್ಕದಲ್ಲಿ ಗೆರೆ ದಾಟಿ ಆಚೆ ಹೋಗಿತ್ತು, ನಮ್ಮೋರು ಕಾರ್ನರ್ ಅಂತ ನಿಂತ್ಬಿಟ್ರು. ಕತಾರಿನ ಆಟಗಾರ ಅದನ್ನ ಕಾಲಲ್ಲಿ ಒಳಗೆ ಎಳೆದ, ಐಮನ್ ಗೋಲಿಗೆ ತಳ್ಳಿದ, ರೆಫ್ರಿ ಗೋಲ್ ಅಂದ್ಬಿಟ್ರು. ಆ ಸುತ್ತಲ್ಲಿ ವಿಎಆರ್, ಅಂದ್ರೆ ವಿಡಿಯೋ ನೋಡಿ ತೀರ್ಪು ಸರಿಮಾಡೋ ವ್ಯವಸ್ಥೆ, ಇರಲಿಲ್ಲ. ಆಮೇಲೆ ಇನ್ನೊಂದು ಗೋಲ್ ಬಿತ್ತು, 1-2. ಅನ್ಯಾಯ ಹೌದು, ನೂರಕ್ಕೆ ನೂರು. ಆದ್ರೆ ವಿಸಲ್ ಊದೋ ತನಕ ನಿಲ್ಲಬಾರದು ಅಂತ ಚಿಕ್ಕ ಹುಡುಗರಿಗೂ ಹೇಳಿಕೊಡ್ತಾರೆ, ಅದೂ ನಿಜ. ಮತ್ತೆ ಆರು ಮ್ಯಾಚಲ್ಲಿ ನಾವು ಹೊಡೆದಿದ್ದು ಒಟ್ಟು ಮೂರು ಗೋಲು, ಅದರಲ್ಲಿ ಒಂದು ಪೆನಾಲ್ಟಿ, ಇದಕ್ಕೆ ಯಾವ ರೆಫ್ರಿನ ಬೈಯೋಣ ಹೇಳು?

ಪ್ರಶ್ನೆ: 140 ಕೋಟಿ ಜನದಲ್ಲಿ ಚೆನ್ನಾಗಿ ಆಡೋ ಹನ್ನೊಂದು ಜನ ಸಿಗಲ್ವಾ? (ಶಿವಮೊಗ್ಗ, ಮೈಸೂರು, ಕಲಬುರಗಿ, ಎಲ್ಲಾ ಕಡೆಯಿಂದಾನೂ)

ಉತ್ತರ: ಈ ಪ್ರಶ್ನೆ ಪ್ರತಿ ಸಲ ಬರುತ್ತೆ, ನನಗೆ ಬಾಯಿಪಾಠ ಆಗಿದೆ. ಜನಸಂಖ್ಯೆ ಗೋಲ್ ಹೊಡೆಯಲ್ಲ. 2026ಕ್ಕೆ ಅರ್ಹತೆ ಪಡೆದ ಕುರಸಾವೊದಲ್ಲಿ ಇರೋದು ಸುಮಾರು ಒಂದೂವರೆ ಲಕ್ಷ ಜನ. ಉಜ್ಬೇಕಿಸ್ತಾನವೂ ಇದೇ ಮೊದಲ ಸಲ ಅರ್ಹತೆ ಪಡೆದಿದ್ದು, ಆದ್ರೆ ಅವರು 2023ರಲ್ಲಿ ಏಷ್ಯಾದ ಅಂಡರ್-20 ಕಪ್ಪು, 2025ರಲ್ಲಿ ಅಂಡರ್-17 ಕಪ್ಪು ಗೆದ್ದಿದ್ದಾರೆ, 2024ರ ಪ್ಯಾರಿಸ್ ಒಲಿಂಪಿಕ್ಸಿಗೂ ಹೋಗಿದ್ರು, ಅಂದ್ರೆ ಹುಡುಗರು ಬ್ಯಾಚ್ ಬ್ಯಾಚಾಗಿ ಮೇಲೆ ಬರ್ತಾ ಇದ್ದಾರೆ. ನಮ್ಮಲ್ಲಿ 2017ರಲ್ಲಿ ಅಂಡರ್-17 ವರ್ಲ್ಡ್ ಕಪ್ ನಮ್ಮನೇಲೇ ನಡೀತು, ಮೂರೂ ಮ್ಯಾಚ್ ಸೋತ್ವಿ, ಜೀಕ್ಸನ್ ಹೊಡೆದ ಒಂದು ಗೋಲು ಉಳ್ಕೊಂತು.

ನನಗೆ ಕಾಣೋ ದೊಡ್ಡ ಗಾಯ ಸ್ಟ್ರೈಕರಿಂದು. ನಮ್ಮ ದೇಶದ ಕ್ಲಬ್ ಲೀಗ್ ಐಎಸ್‌ಎಲ್‌ನಲ್ಲಿ ಟೀಮು ವಿದೇಶಿಯನ್ನ ಕರೆಸ್ತಾ ಇದೆ ಅಂದ್ರೆ ಮೊದಲು ಕಣ್ಣು ಹೋಗೋದೇ ಗೋಲ್ ಹೊಡೆಯೋನ ಮೇಲೆ, ಕ್ಲಬ್ಬಿನವರ ತಪ್ಪೂ ಅಲ್ಲ, ಅವರಿಗೆ ಮುಂದಿನ ಭಾನುವಾರ ಗೆಲ್ಬೇಕು. ನಮ್ಮ ಹುಡುಗ ಸ್ಟ್ರೈಕರ್ ಆಗಿ ಬಂದೋನು ವಿಂಗಿಗೆ ಹೋಗ್ತಾನೆ, ಇಲ್ಲಾ ಬೆಂಚಲ್ಲಿ ಕೂತ್ಕೋತಾನೆ, ವರ್ಷಪೂರ್ತಿ ಪಾಸ್ ಕೊಡೋದು ಕಲ್ತೋನಿಗೆ ದೇಶದ ಜರ್ಸಿ ಹಾಕಿ ಗೋಲ್ ಹೊಡಿ ಅಂದ್ರೆ ಎಲ್ಲಿಂದ ಹೊಡೀತಾನೆ? 2024 ಇಡೀ ವರ್ಷ ನಾವು ಒಂದೇ ಒಂದು ಮ್ಯಾಚ್ ಗೆಲ್ಲಲಿಲ್ಲ. ಛೇತ್ರಿ ಆ ಜೂನಲ್ಲೇ ಕೋಲ್ಕತ್ತದಲ್ಲಿ ಕುವೈತ್ ಜೊತೆ 0-0 ಆದ ದಿನ ಅಳುತ್ತಾ ವಿದಾಯ ಹೇಳಿದ್ರು, ಒಂಬತ್ತು ತಿಂಗಳಲ್ಲಿ ವಾಪಸ್ ಕರ್ಕೊಂಡು ಬಂದ್ರು! ಯಾಕಂದ್ರೆ ಆ ಸೀಸನ್ನಲ್ಲಿ ಬೆಂಗಳೂರು ಎಫ್‌ಸಿಗೆ 14 ಗೋಲ್ ಹೊಡೆದು, 40ನೇ ವಯಸ್ಸಲ್ಲಿ ಭಾರತೀಯರ ಪೈಕಿ ಅವರೇ ಮೊದಲಿದ್ರು. ಅವರಿಗೆ ಶಹಬ್ಬಾಸ್ ಅನ್ನೋದಾ, ಉಳಿದೋರಿಗೆ ಛೀ ಅನ್ನೋದಾ ನನಗೇ ಗೊತ್ತಾಗ್ಲಿಲ್ಲ. ಕರ್ಕೊಂಡು ಬಂದೂ 2027ರ ಏಷ್ಯನ್ ಕಪ್‌ಗೆ ಹೋಗಲಾಗಲಿಲ್ಲ, ಮಡಗಾಂವ್‌ನಲ್ಲಿ ಸಿಂಗಪುರದ ಕೈಲಿ 1-2.

ಪ್ರಶ್ನೆ: ಹೊರದೇಶದಲ್ಲಿರೋ ನಮ್ಮ ಮೂಲದ ಆಟಗಾರರನ್ನ ಕರೆಸಿದ್ರೆ ಆಗಲ್ವಾ? (ಉಡುಪಿ)

ಉತ್ತರ: ಆಗುತ್ತೆ, ಆ ದೇಶದ ಪಾಸ್‌ಪೋರ್ಟ್ ಬಿಟ್ಟು ಬಂದ್ರೆ. ನಮ್ಮಲ್ಲಿ ಎರಡು ಪೌರತ್ವ ಇಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ್ದು ಬಿಟ್ಟು ಭಾರತದ್ದು ತಗೊಂಡ್ರು, ದೊಡ್ಡ ಮನಸ್ಸು. ಆದ್ರೆ ಯುರೋಪಲ್ಲಿ 22 ವರ್ಷಕ್ಕೆ ಒಳ್ಳೆ ಕ್ಲಬ್ಬಲ್ಲಿ ಆಡೋ ಹುಡುಗನನ್ನ ಬಿಟ್ ಬಾ ಅಂದ್ರೆ ಅವರಪ್ಪ ಅಮ್ಮನೇ ಒಪ್ಪಲ್ಲ.

ಪ್ರಶ್ನೆ: ಹೆಂಗಸರ ಟೀಮ್ ಮೊದಲು ಹೋಗುತ್ತಾ? (ಬೆಳಗಾವಿಯ ಪಿಇ ಟೀಚರ್)

ಉತ್ತರ: ಹೋಗುತ್ತೆ ಅಂತ ನನ್ ಪಂದ್ಯ, ಮೇಡಂ. 2025ರ ಜುಲೈಯಲ್ಲಿ ಥಾಯ್ಲೆಂಡಿಗೇ ಹೋಗಿ ಸಂಗೀತಾ ಬಾಸ್ಫೋರ್ ಹೊಡೆದ ಎರಡು ಗೋಲಿಂದ 2-1 ಗೆದ್ದು ಏಷ್ಯನ್ ಕಪ್‌ಗೆ ಟಿಕೆಟ್ ತಗೊಂಡ್ರು. 2026ರ ಆ ಕಪ್ಪಲ್ಲಿ 12 ಟೀಮಲ್ಲಿ 6ಕ್ಕೆ ನೇರ ವರ್ಲ್ಡ್ ಕಪ್ ಜಾಗ ಇತ್ತು, ದಾರಿ ಗಂಡಸರದ್ದಕ್ಕಿಂತ ಎಷ್ಟೋ ಹತ್ರ.

ಪ್ರಶ್ನೆ: 1950ರಲ್ಲಿ ಬರಿಗಾಲಲ್ಲಿ ಆಡೋಕೆ ಬಿಡಲ್ಲ ಅಂತ ವರ್ಲ್ಡ್ ಕಪ್ ಬಿಟ್ವಂತೆ, ನಮ್ ತಾತ ಹೇಳ್ತಿದ್ರು. (ತುಮಕೂರು)

ಉತ್ತರ: ತಾತನ ಕಥೆ ಚೆನ್ನಾಗಿದೆ, ಅರ್ಧ ನಿಜ. ಎದುರಾಳಿಗಳು ಹಿಂದೆ ಸರಿದಿದ್ರಿಂದ ನಮಗೆ ಆಡದೇನೇ ಜಾಗ ಸಿಕ್ಕಿತ್ತು, ನಮ್ಮೋರು ಹೋಗದೇ ಇದ್ದಿದ್ದು ತಯಾರಿಗೆ ಟೈಮ್ ಸಾಲದು, ಟೀಮ್ ಆರಿಸೋದ್ರಲ್ಲಿ ಜಗಳ, ಮತ್ತೆ ಆಗಿನ ಕಾಲಕ್ಕೆ ಒಲಿಂಪಿಕ್ಸೇ ದೊಡ್ಡದು ಅನ್ನೋ ಲೆಕ್ಕಾಚಾರ. ಬರಿಗಾಲು ನಿಜವಾಗ್ಲೂ ಇದ್ದಿದ್ದು 1948ರ ಲಂಡನ್ ಒಲಿಂಪಿಕ್ಸಲ್ಲಿ, ನಮ್ಮೋರಲ್ಲಿ ಹೆಚ್ಚಿನವರು ಬೂಟಿಲ್ಲದೆ ಫ್ರಾನ್ಸ್ ಮೇಲೆ ಆಡಿ 1-2 ಸೋತ್ರು. ಅವತ್ತು ಸಿಕ್ಕ ಎರಡು ಪೆನಾಲ್ಟಿನೂ ಮಿಸ್ ಮಾಡಿದ್ರು ಕಣಪ್ಪ. ಒಂದು ಗೋಲ್ ಹೊಡೆದಿದ್ದು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್.