ಉಕ್ಕಿನ ಪಿಕಾಸಿ ಇದ್ದರೆ ಬೇಗ ಅಗೆಯಬಹುದಾ?

ಡ್ವಾರ್ಫ್ ಫೋರ್ಟ್ರೆಸ್ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಅಗೆಯುವ ವಿಚಾರದ್ದೇ ಜಾಸ್ತಿ. ಟಾರ್ನ್ ಮತ್ತು ಝ್ಯಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು 2006ರಲ್ಲಿ ಬಿಟ್ಟ ಕಂಪ್ಯೂಟರ್ ಆಟ ಇದು; ಕುಳ್ಳರ ಗುಂಪೊಂದರಿಂದ ನೆಲ ಅಗೆಸಿ ಕೋಟೆ ಕಟ್ಟಿಸುವುದೇ ಇದರ ಕೆಲಸ. 2022ರ ಡಿಸೆಂಬರ್‌ನಲ್ಲಿ ಚಿತ್ರಗಳ ಸಮೇತ, ಆಟಗಳನ್ನು ಮಾರುವ ಸ್ಟೀಮ್ ಎಂಬ ತಾಣಕ್ಕೆ ಬಂತು. ಈಗ ಪ್ರಶ್ನೆ ಕೇಳುತ್ತಿರುವವರಲ್ಲಿ ಹೆಚ್ಚಿನವರು ಅಲ್ಲಿಂದ ಶುರು ಮಾಡಿದವರು. ಹಾಗಾಗಿ ಉತ್ತರಗಳೂ ಸ್ಟೀಮ್ ಆವೃತ್ತಿಗೇ ಹೊಂದುವಂಥವು.

ಪ್ರಶ್ನೆ: ನನ್ನ ಕುಳ್ಳರ ಕೈಯಲ್ಲಿ ಇರುವುದು ತಾಮ್ರದ ಪಿಕಾಸಿ. ಉಕ್ಕಿನದು ಮಾಡಿಸಿಕೊಟ್ಟರೆ ಬಂಡೆ ಬೇಗ ಒಡೆಯುತ್ತಾರಾ?

ಇಲ್ಲ. ತಾಮ್ರವೋ ಕಂಚೋ ಉಕ್ಕೋ, ಅಗೆಯುವ ವೇಗ ಒಂದೇ. ಪಿಕಾಸಿ ಎಷ್ಟು ನಾಜೂಕಾಗಿ ತಯಾರಾಗಿದೆ ಎಂಬುದೂ ಇಲ್ಲಿ ಲೆಕ್ಕಕ್ಕಿಲ್ಲ. ಬೇರೆ ಆಟಗಳಲ್ಲಿ ಮರದ ಪಿಕಾಸಿಯಿಂದ ವಜ್ರದ ಪಿಕಾಸಿಯವರೆಗೆ ಏಣಿ ಹತ್ತಿ ಬಂದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಇಲ್ಲಿ ವೇಗ ಕೊಡುವುದು ಹಿಡಿದವನ ಕೈ. ಮೈನಿಂಗ್ ಸ್ಕಿಲ್ ಏರಿದ ಹಾಗೆ ವೇಗವೂ ಏರುತ್ತದೆ. ಹೊಸಬ ಒಂದು ಕೋಣೆ ಮುಗಿಸುವ ಹೊತ್ತಿಗೆ, ಲೆಜೆಂಡರಿ ಎಂಬ ಮೇಲಿನ ಮಟ್ಟ ಮುಟ್ಟಿದವನು ಒಂದು ಮಹಡಿಯನ್ನೇ ಬಗೆದು ಹಾಕಿರುತ್ತಾನೆ. ಇನ್ನೊಂದು, ಮಣ್ಣು ಬಂಡೆಗಿಂತ ಬೇಗ ಬಿಡುತ್ತದೆ. ಮೊದಲ ಚಳಿಗಾಲದೊಳಗೆ ಎಲ್ಲರಿಗೂ ಸೂರು ಬೇಕಿದ್ದರೆ ಮೇಲಿನ ಮಣ್ಣಿನ ಪದರದಲ್ಲೇ ಕೋಣೆ ಮಾಡಿ.

ಹಾಗಂತ ಉಕ್ಕಿನ ಪಿಕಾಸಿ ದಂಡ ಅಂತಲ್ಲ. ಈ ಆಟದಲ್ಲಿ ಪಿಕಾಸಿ ಆಯುಧವೂ ಹೌದು. ಅದನ್ನು ಹಿಡಿದು ಹೊಡೆದಾಡುವಾಗ ಕೆಲಸಕ್ಕೆ ಬರುವುದೂ ಅದೇ ಮೈನಿಂಗ್ ಸ್ಕಿಲ್. ಹೊಡೆದಾಟದಲ್ಲಿ ಮಾತ್ರ ಲೋಹ ಲೆಕ್ಕಕ್ಕೆ ಬರುತ್ತದೆ. ಸುರಂಗದಲ್ಲಿ ಒಬ್ಬನೇ ಸಿಕ್ಕಿದ್ದಾನೆ ಅಂತ ಮೈಮೇಲೆ ಬಿದ್ದ ಗಾಬ್ಲಿನ್, ಎದುರಿಗಿರುವವನು ಹಳೇ ಗಣಿಗಾರನಾದರೆ ಪಶ್ಚಾತ್ತಾಪ ಪಡುತ್ತದೆ. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಸಿಕ್ಕ ಉಕ್ಕು ಸೈನಿಕರ ಕವಚಕ್ಕೆ ಹೋಗಲಿ. ಕೋಟೆ ಕಟ್ಟಲು ಹೊರಡುವಾಗಲೇ ಅಗ್ಗದ ತಾಮ್ರದ ಪಿಕಾಸಿಯನ್ನೇ ಒಂದೆರಡು ಜಾಸ್ತಿ ಕಟ್ಟಿಕೊಳ್ಳಿ. ಗಣಿಗಾರರೆಲ್ಲ ಪಿಕಾಸಿ ಸಮೇತ ನೀರುಪಾಲಾದರೆ ಹೊಸದು ಬಡಿಯಲು ಅದಿರು ಬೇಕು, ಅದಿರು ತೆಗೆಯಲು ಪಿಕಾಸಿ ಬೇಕು. ಆಮೇಲೆ ವ್ಯಾಪಾರಿಗಳ ದಾರಿ ಕಾಯುತ್ತಾ ಕೂರಬೇಕಾದೀತು.

ಪ್ರಶ್ನೆ: ಪಿಕಾಸಿ ಇದೆ, ಅಗೆಯಬೇಕಾದ ಜಾಗಕ್ಕೆ ಗುರುತು ಹಾಕಿದ್ದೇನೆ. ಆದರೂ ಯಾರೂ ಅಗೆಯುತ್ತಿಲ್ಲ. ಯಾಕೆ?

ಮೂರು ಕಡೆ ನೋಡಿ. ಒಬ್ಬನಿಗೇ ಗಣಿ ಕೆಲಸವನ್ನೂ ಮರ ಕಡಿಯುವುದನ್ನೂ ಕೊಟ್ಟಿದ್ದೀರಾ? ಗಣಿ, ಮರ, ಬೇಟೆ ಈ ಮೂರೂ ಕೆಲಸಕ್ಕೆ ಅವರವರ ಸಲಕರಣೆ ಸದಾ ಕೈಯಲ್ಲಿ ಇರಬೇಕು. ಒಬ್ಬನ ತಲೆಗೆ ಎರಡನ್ನು ಕಟ್ಟಬೇಡಿ. ಎರಡನೆಯದು, ಗುರುತು ಬ್ಲೂಪ್ರಿಂಟ್ ಮೋಡ್‌ನಲ್ಲಿ ಬಿದ್ದಿರಬಹುದು. ಅದು ಬರೀ ನಕ್ಷೆ, ಅದನ್ನು ನೋಡಿ ಯಾರೂ ಎದ್ದು ಬರುವುದಿಲ್ಲ. ಮೂರನೆಯದು ದಾರಿ. ಕೆಳಗಿನ ಮಟ್ಟದಲ್ಲಿ ಕೋಣೆ ಗುರುತು ಮಾಡಿ, ಅಲ್ಲಿಗೆ ಮೆಟ್ಟಿಲು ಇಡದಿದ್ದರೆ ಅವರು ಹೋಗುವುದಾದರೂ ಹೇಗೆ?

ಪ್ರಶ್ನೆ: ಕೆಳಗೆ ಅಗೆಯುತ್ತಾ ಹೋದಾಗ ‘ತೇವದ ಕಲ್ಲು ಸಿಕ್ಕಿದೆ’ ಎಂದು ಕೆಲಸ ರದ್ದಾಗುತ್ತದೆ. ಮತ್ತೆ ಗುರುತು ಹಾಕಿದರೆ ನೀರು ತುಂಬಿಕೊಳ್ಳುತ್ತದೆ. ಜಾಗ ಬದಲಿಸಲೇ?

ಎಲ್ಲ ಸಲವೂ ಬೇಕಿಲ್ಲ. ಆ ಸೂಚನೆಯ ಅರ್ಥ ಇಷ್ಟೇ: ಪಕ್ಕದಲ್ಲೋ ಮೇಲೋ ನೀರಿದೆ, ಇಲ್ಲವೇ ಆ ಕಲ್ಲೇ ನೀರು ಹಿಡಿದಿಟ್ಟುಕೊಂಡ ಪದರ. ಕೆರೆ ಅಥವಾ ಹೊಳೆಯ ಪಕ್ಕವಾದರೆ ಸುಮ್ನೆ ದೂರ ಸರಿಯಿರಿ. ಹೊಳೆಗೆ ತೂತು ಮಾಡಿದರೆ ಆ ನೀರಿಗೆ ಕೊನೆ ಇಲ್ಲ.

ನೀರಿನ ಪದರವಾದರೆ, ಅದು ಯಾವ ಜಾತಿಯದು ಎಂಬುದೇ ಮುಖ್ಯ. ಶುರುವಿನಲ್ಲಿ ಕೋಟೆಗೆ ಜಾಗ ಆರಿಸುವ ಪರದೆಯಲ್ಲಿ ಅದು ಹಗುರದ್ದೋ ಭಾರದ್ದೋ ಎಂದು ತೋರಿಸುತ್ತದೆ. ಹಗುರದ್ದು ನಿಧಾನವಾಗಿ ಜಿನುಗುತ್ತದೆ, ನಿಮಗೆ ಬೇಕಾದಷ್ಟು ಹೊತ್ತು ಇರುತ್ತದೆ. ಕಲ್ಲಿನ ಬ್ಲಾಕ್‌ಗಳನ್ನು ಮೊದಲೇ ಮಾಡಿಸಿ ಮೆಟ್ಟಿಲ ಹತ್ತಿರ ಪೇರಿಸಿಡಿ. ಒಂದು ಕಲ್ಲಿಗೆ ನಾಲ್ಕು ಬ್ಲಾಕ್ ಬರುತ್ತದೆ. ಆಮೇಲೆ ಒಂದೇ ಚೌಕದ ಮೆಟ್ಟಿಲನ್ನು ತೇವದ ಮಟ್ಟಕ್ಕೆ ಇಳಿಸಿ. ಅದರ ಸುತ್ತಲಿನ ಎಂಟು ಚೌಕಗಳನ್ನು ಅಗೆಯಿರಿ. ನೀರು ಜಿನುಗುತ್ತಿರುವಾಗಲೇ ಆ ಎಂಟರಲ್ಲೂ ಗೋಡೆ ಕಟ್ಟಿಸಿ. ಕಟ್ಟಿದ ಗೋಡೆ ಜಿನುಗುವುದಿಲ್ಲ. ಮೆಟ್ಟಿಲು ಒಣಗಿದ ಕೊಳವೆಯ ಹಾಗೆ ನಡುವೆ ನಿಲ್ಲುತ್ತದೆ. ಮುಂದಿನ ಮಟ್ಟವೂ ತೇವವಾದರೆ ಇದನ್ನೇ ಮತ್ತೆ ಮಾಡಿ. ಅವಸರಪಟ್ಟು ಮೊದಲು ಕೆಳಗಿನವರೆಗೂ ಇಳಿದುಬಿಟ್ಟರೆ ನೀರೆಲ್ಲ ಮೆಟ್ಟಿಲಗುಂಟ ಇಳಿದು ತಳದಲ್ಲಿ ನಿಲ್ಲುತ್ತದೆ.

ಭಾರದ್ದಾದರೆ ಗೋಡೆ ಏಳುವುದಕ್ಕೂ ಬಿಡದೆ ನೀರು ತುಂಬುತ್ತದೆ. ಪಂಪ್ ಇಟ್ಟು ಎತ್ತುತ್ತಾ ಕೆಲಸ ಮಾಡಬೇಕು. ಮೊದಲ ಕೋಟೆಯಲ್ಲೇ ಇದಕ್ಕೆ ಕೈ ಹಾಕಬೇಡಿ. ಹೊಸ ಜಾಗ ನೋಡಿ, ಅದರಲ್ಲಿ ನಾಚಿಕೆ ಏನಿಲ್ಲ.

ಪ್ರಶ್ನೆ: ದೊಡ್ಡ ಗುಂಡಿ ತೋಡಿಸುವಾಗ ನೆಲ ಕುಸಿದು ಇಬ್ಬರು ಸತ್ತರು. ಕಂಬ ಕೊಟ್ಟಿದ್ದರೆ ಉಳಿಯುತ್ತಿದ್ದರಾ?

ನೀವು ಚ್ಯಾನಲ್ ಆಜ್ಞೆ ಬಳಸಿರಬೇಕು, ಅಲ್ವಾ? ಅದು ನಿಂತ ಮಟ್ಟದ ನೆಲವನ್ನೇ ತೆಗೆದು, ಕೆಳಗಿನ ಮಟ್ಟದಲ್ಲಿ ಇಳಿಜಾರು ಬಿಡುತ್ತದೆ. ಈ ಆಟದಲ್ಲಿ ಭಾರಕ್ಕೆ ಬೆಲೆಯೇ ಇಲ್ಲ. ಇಡೀ ಬೆಟ್ಟ ಒಂದೇ ಒಂದು ಚೌಕದ ಮೇಲೆ ನಿಂತರೂ ಬೀಳುವುದಿಲ್ಲ. ಆಡಮ್ಸ್ ಸಹೋದರರು ಡ್ರ್ಯಾಗನ್ ಉಗುರನ್ನೂ ಬಿಡದೆ ಲೆಕ್ಕ ಹಾಕಿದವರು, ಇಲ್ಲಿ ಮಾತ್ರ ಕೈಬಿಟ್ಟಿದ್ದಾರೆ. ಆದರೆ ಆ ಒಂದು ಚೌಕ ಮೂಲೆಗೆ ತಾಗಿದ್ದರೆ ಸಾಲದು. ನಾಲ್ಕು ಬದಿಗಳಲ್ಲಿ ಒಂದಾದರೂ, ಇಲ್ಲವೇ ಮೇಲೆ ಅಥವಾ ಕೆಳಗೆ, ನೇರವಾಗಿ ತಾಗಿರಬೇಕು.

ನಿಮ್ಮ ಗುಂಡಿಯಲ್ಲಿ ಆದದ್ದು ಇದೇ ಇರಬೇಕು. ಕುಳ್ಳರು ತಮಗೆ ತೋಚಿದ ಕ್ರಮದಲ್ಲಿ ಅಗೆಯುತ್ತಾರೆ. ಸುತ್ತಲಿನ ಚೌಕಗಳೆಲ್ಲ ಹೋಗಿ ನಡುವೆ ನೆಲದ ತುಂಡೊಂದು ಉಳಿಯುತ್ತದೆ. ಅದರ ಕೆಳಗೆ ನೀವು ಮೊದಲೇ ಕೋಣೆ ತೆಗೆದಿದ್ದರೆ ಅದಕ್ಕೆ ಯಾವ ಆಸರೆಯೂ ಇಲ್ಲ. ಅದು ಬೀಳುತ್ತದೆ, ಮೇಲೆ ನಿಂತವನೂ ಬೀಳುತ್ತಾನೆ, ಕೆಳಗಿದ್ದವನು ಅಡಿಗೆ ಸಿಗುತ್ತಾನೆ. ಎದ್ದ ಧೂಳು ಅಕ್ಕಪಕ್ಕದವರನ್ನೂ ಎಸೆದು ಪ್ರಜ್ಞೆ ತಪ್ಪಿಸುತ್ತದೆ.

ಹಾಗಾಗಿ ಕಂಬಕ್ಕಿಂತ ಕ್ರಮ ಮುಖ್ಯ. ಇಡೀ ಗುಂಡಿಯನ್ನು ಒಂದೇ ಸಲ ಗುರುತು ಮಾಡಬೇಡಿ. ಒಂದು ತುದಿಯಿಂದ ಒಂದೊಂದೇ ಸಾಲು ಮಾಡಿ. ಗುರುತು ಹಾಕುವಾಗ 1ರಿಂದ 7ರವರೆಗೆ ಆದ್ಯತೆ ಕೊಡಬಹುದು, 1 ಮೊದಲು. ದೂರದ ಸಾಲಿಗೆ 1, ಅದರ ಪಕ್ಕದ್ದಕ್ಕೆ 2, ಹೀಗೆ ಹಿಂದೆ ಸರಿಯುತ್ತಾ ಬನ್ನಿ. ಕೆಲಸ ಮುಗಿಯುವವರೆಗೆ ಕೆಳಗಿನ ಮಟ್ಟದಲ್ಲಿ ಯಾರೂ ಓಡಾಡದಂತೆ ಬಾಗಿಲು ಹಾಕಿ ಬೀಗ ಜಡಿಯಿರಿ.